ಗಿಟಾರಿನ ಮೈಗೆ ಅರಗಿನ ಮೆರುಗು

ಎಲೆಕ್ಟ್ರಿಕ್ ಗಿಟಾರಿನ ಮುಂಭಾಗದ ಬಣ್ಣ ಚಕ್ಕೆ ಎದ್ದರೆ, ಮಂಕಾದರೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು. ಕಾರಿಗೆ ಬಣ್ಣ ಹೊಡೆಯುವವರ ಶೆಡ್ಡಿಗೆ ಒಯ್ದು ಸ್ಪ್ರೇ ಮಾಡಿಸಿ ಎಂಬುದು ಒಂದು. ಮುಟ್ಟಲೇಬೇಡಿ, ನಾದ ಕೆಟ್ಟೀತು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿನ ಮುಂಭಾಗವನ್ನು ಮನೆಯಲ್ಲೇ, ಕಂಪ್ರೆಸರಿನ ಹಂಗಿಲ್ಲದೆ, ಕೈಯಿಂದ ಕೆರೆದು ಉಜ್ಜಿ ಹೊಸದು ಮಾಡಬಹುದು. ಅದಕ್ಕೆ ನಮ್ಮ ಊರುಗಳ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಂದುವ ವಸ್ತು ಅರಗು ಎಂಬುದು ನನ್ನ ವಾದ. ಅರಗಿನ ಲೇಪ ಎಲ್ಲಕ್ಕಿಂತ ಗಟ್ಟಿ ಎಂದು ನಾನು ಹೇಳುತ್ತಿಲ್ಲ. ಗಟ್ಟಿತನದಲ್ಲಿ ಅದು ಕಾರ್ಖಾನೆಯ ಲೇಪಕ್ಕಿಂತ ಹಿಂದೆಯೇ. ಆದರೆ ಹಚ್ಚಿದ ಕೈಯೇ ಅದನ್ನು ಮುಂದೆ ಎಷ್ಟು ಸಲ ಬೇಕಾದರೂ ಸರಿಪಡಿಸಬಹುದು, ಮತ್ತು ಅದನ್ನು ಹಚ್ಚಲು ಒಂದು ಕಿಟಕಿಯಿರುವ ಕೋಣೆ ಸಾಕು. ಮನೆಯಲ್ಲಿ ಕೆಲಸ ಮಾಡುವವರಿಗೆ ಗಟ್ಟಿತನಕ್ಕಿಂತ ಈ ಎರಡು ಗುಣಗಳ ಬೆಲೆ ದೊಡ್ಡದು.

ಮನೆ ಎಂದಾಗ ಎಂಥ ಮನೆ ಎಂಬುದು ಮುಖ್ಯ. ಪಾಶ್ಚಾತ್ಯ ಕೈಪಿಡಿಗಳು ಮನೆ ಎಂದರೆ ಕಾರು ನಿಲ್ಲಿಸುವ ಗ್ಯಾರೇಜು, ಹಿತ್ತಲು, ಬೆಂಚು ಎಲ್ಲ ಇರುತ್ತವೆಂದು ಹಿಡಿದು ಮಾತನಾಡುತ್ತವೆ. ಹೈದರಾಬಾದಿನ ಸುಲ್ತಾನ್ ಬಜಾರನ್ನು ನೋಡಿ. ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದು ಹಿಂದೆ ರೆಸಿಡೆನ್ಸಿ ಬಜಾರ್ ಎನಿಸಿಕೊಂಡಿದ್ದ ಈ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ, ನಡುವೆ ಕಿರಿದಾದ ಗಲ್ಲಿ. ಈಗ ನೆತ್ತಿಯ ಮೇಲೆ ಮೆಟ್ರೊ. ಪಕ್ಕದ ಕಾಚಿಗುಡದಲ್ಲಿ ನೃಪತುಂಗ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡ ಕನ್ನಡದ ಕುಟುಂಬಗಳ ವಾಸವೂ ಇಂಥ ಒತ್ತೊತ್ತಿನ ಬಡಾವಣೆಗಳಲ್ಲೇ. ಇಲ್ಲಿ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಸ್ಪ್ರೇ ಮಾಡಹೊರಟರೆ ಮನೆಯವರಷ್ಟೇ ಅಲ್ಲ, ಎದುರುಮನೆಯವರೂ ಅದನ್ನು ಉಸಿರಾಡಬೇಕು. ಆ ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಅಂಟಬಹುದು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಬಡಗಿ ಅಂಗಡಿಗಳಲ್ಲಿ ಇವತ್ತಿಗೂ ಡ್ಯೂಕೊ ಎಂದೇ ಕರೆಯುವ ಸ್ಪ್ರೇ ಬಣ್ಣಕ್ಕೆ ಆ ಹೆಸರು ಬಂದದ್ದು 1920ರ ದಶಕದಲ್ಲಿ ಡುಪಾಂಟ್ ಕಂಪನಿ ಕಾರುಗಳಿಗಾಗಿ ತಂದ ನೈಟ್ರೊಸೆಲ್ಯುಲೋಸ್ ಲೇಪದಿಂದ. ಮುಂದೆ ಫೆಂಡರ್ ಕಂಪನಿ ತನ್ನ ಗಿಟಾರುಗಳಿಗೆ ಬಳಿದ ಬಣ್ಣಗಳಲ್ಲೂ ಅದೇ ಡುಪಾಂಟಿನ ಕಾರುಬಣ್ಣಗಳಿದ್ದವು. ಅಂದರೆ ಗಿಟಾರಿಗೆ ಸ್ಪ್ರೇ ಎಂಬ ರೂಢಿ ಬಂದದ್ದು ಕಾರು ಕಾರ್ಖಾನೆಯಿಂದ. ದಿನಕ್ಕೆ ನೂರಾರು ವಾದ್ಯ ಹೊರಡಿಸಬೇಕಾದವರಿಗೆ ಅದು ಸರಿಯಾದ ದಾರಿ. ಒಂದೇ ಒಂದು ಗಿಟಾರ್ ಹಿಡಿದು ಕೂತವರು ಅದೇ ದಾರಿ ಹಿಡಿಯಬೇಕಾದ ಕಾರಣವಿಲ್ಲ. ಸುಲ್ತಾನ್ ಬಜಾರಿನ ಕೂಗಳತೆಯಲ್ಲಿರುವ ಜಾಮ್‌ಬಾಗ್‌ನ ಪೀಠೋಪಕರಣದ ಅಂಗಡಿಗಳಿಗೆ ಬೇಕಾದ ಸ್ಪಿರಿಟ್ ಪಾಲಿಶ್ ಕೆಲಸಕ್ಕೆ ಹಿಂದಿನಿಂದಲೂ ಸಾಕಾಗಿರುವುದು ಚಪಡಾ ಅರಗು, ಸ್ಪಿರಿಟ್ಟು, ಹತ್ತಿಬಟ್ಟೆಯ ಒಂದು ಉಂಡೆ.

ಅರಗು ನಮಗೆ ಹೊಸದಲ್ಲ. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆ ಕೊಂಬೆಗಳಲ್ಲಿ ನೆಲೆಸುವ ಪುಟ್ಟ ಕೀಟವೊಂದು ತನ್ನ ಮೈ ಕಾಯಲು ಸ್ರವಿಸುವ ರಾಳ ಅದು. ಅದನ್ನು ಕೊಂಬೆಯಿಂದ ಬಿಡಿಸಿ, ತೊಳೆದು, ಕರಗಿಸಿ, ತೆಳ್ಳಗೆ ಹಾಳೆ ಎಳೆದು ಪುಡಿಮಾಡಿದರೆ ಚಪಡಾ. ಇದರ ಬೇಸಾಯದಲ್ಲಿ ಭಾರತ ಜಗತ್ತಿನಲ್ಲೇ ಮುಂದೆ. 1924ರಲ್ಲೇ ರಾಂಚಿ ಬಳಿಯ ನಾಮಕುಮ್‌ನಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಇಂದು ಮತದಾರರ ಬೆರಳಿಗೆ ಹಚ್ಚುವ ಶಾಯಿಗೆ ಹೆಸರಾದ ಅದೇ ಕಾರ್ಖಾನೆ, ಮೊದಲು ಕಟ್ಟಿಕೊಂಡದ್ದು ಕಾಡಿನಿಂದ ಬರುವ ಅರಗಿನ ಮೇಲೆ. ಚನ್ನಪಟ್ಟಣದ ಆಟಿಕೆಗಳ ಹೊಳಪೂ ಇದೇ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ, ಆಮೇಲೆ ಒಣಗರಿಯಿಂದ ಉಜ್ಜಿ ಮೆರುಗು ತರುತ್ತಾರೆ. ಕೂಸು ಬಾಯಿಗಿಟ್ಟರೂ ಅಂಜಬೇಕಿಲ್ಲದ ಲೇಪ ಅದು. ಔಷಧದ ಮಾತ್ರೆಗಳಿಗೂ ಅರಗಿನ ಹೊದಿಕೆ ಕೊಡುವುದುಂಟು. ಸಂಗೀತಕ್ಕೂ ಅರಗಿಗೂ ಇರುವ ನಂಟು ಇನ್ನೂ ಹತ್ತಿರದ್ದು. ವಿನೈಲ್ ಬರುವ ಮುಂಚಿನ 78 ಸುತ್ತಿನ ಗ್ರಾಮಫೋನ್ ತಟ್ಟೆಗಳನ್ನು ಒತ್ತುತ್ತಿದ್ದದ್ದು ಅರಗಿನ ಮಿಶ್ರಣದಲ್ಲಿ. ಸ್ಪೇನಿನ ಕ್ಲಾಸಿಕಲ್ ಗಿಟಾರ್ ತಯಾರಕರು ತಮ್ಮ ಒಳ್ಳೆಯ ವಾದ್ಯಗಳಿಗೆ ಇಂದಿಗೂ ಬಟ್ಟೆಯುಂಡೆಯಲ್ಲಿ ಅರಗನ್ನೇ ತೀಡುತ್ತಾರೆ.

ಈಗ ನಾದದ ಮಾತಿಗೆ ಬರೋಣ, ಏಕೆಂದರೆ ಮುಟ್ಟಬೇಡಿ ಎನ್ನುವವರ ಆಧಾರ ಅದೊಂದೇ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಂತಿಯ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮರದ ಹಲಗೆ ಗಾಳಿಯನ್ನು ಅಲುಗಿಸಿ ದನಿ ಕೊಡಬೇಕಾದ ಕೆಲಸ ಇಲ್ಲಿಲ್ಲ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ನಾಲ್ಕಿಂಚು ದಪ್ಪದ ಒಂದು ಮರದ ತೊಲೆಗೇ ತಂತಿ, ಪಿಕಪ್ ಕೂಡಿಸಿ ನುಡಿಸಿದರು. ನೋಡುವವರಿಗೆ ಅದು ಗಿಟಾರಿನಂತೆ ಕಾಣಲೆಂದು ಎಪಿಫೋನ್ ಗಿಟಾರೊಂದರ ಎರಡು ಹೋಳುಗಳನ್ನು ಆಚೀಚೆ ಅಂಟಿಸಿಕೊಂಡರು. ಗಟ್ಟಿ ಮರದ ಗಿಟಾರಿನ ಮುಂಭಾಗದ ಅಂದ ಮೊದಲಿನಿಂದಲೂ ಕಣ್ಣಿಗಾಗಿ ಇರುವುದು ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಲೆಕ್ಕವನ್ನೂ ಹಾಕಿ ನೋಡಬಹುದು. ಗಿಟಾರಿನ ಮುಂಭಾಗದ ವಿಸ್ತೀರ್ಣ ಸುಮಾರು ಒಂದು ಚದರ ಮೀಟರಿನ ಹತ್ತನೇ ಒಂದು ಪಾಲು. ಅದರ ಮೇಲೆ 0.05 ಮಿಲಿಮೀಟರ್ ದಪ್ಪದ ಅರಗು ಕೂತರೆ ಅದರ ತೂಕ ಆರು ಗ್ರಾಮಿನ ಆಸುಪಾಸು. ಕಾರ್ಖಾನೆಯ ಪಾಲಿಯೆಸ್ಟರ್ ಅರ್ಧ ಮಿಲಿಮೀಟರ್ ಇದ್ದರೆ ಅರವತ್ತು ಗ್ರಾಮ್. ಮೂರು-ಮೂರೂವರೆ ಕಿಲೊ ತೂಗುವ ವಾದ್ಯದಲ್ಲಿ ಈ ಐವತ್ತು ಚಿಲ್ಲರೆ ಗ್ರಾಮಿನ ವ್ಯತ್ಯಾಸ ಪಿಕಪ್ಪಿನ ಮೂಲಕ ಕಿವಿಗೆ ಬಿದ್ದೀತೆಂದು ನಂಬುವುದು ನನಗೆ ಕಷ್ಟ. 1968ರಲ್ಲಿ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ತಮ್ಮ ಎಪಿಫೋನ್ ಕಸಿನೊ ಗಿಟಾರುಗಳ ಬಣ್ಣ ಕೆರೆಸಿದರು, ಆಮೇಲೆ ಅವು ಇನ್ನೂ ಚೆನ್ನಾದವು ಎಂಬ ಅಭಿಪ್ರಾಯ ಹ್ಯಾರಿಸನ್ನರದಾಗಿತ್ತು ಎಂಬುದನ್ನು ಎದುರುವಾದವಾಗಿ ತರುವವರಿದ್ದಾರೆ. ಆದರೆ ಕಸಿನೊ ಒಳಗೆ ಪೊಳ್ಳಾದ, ತೆಳು ಹಲಗೆಯ ವಾದ್ಯ. ಅಲ್ಲಿ ಮುಂಭಾಗ ನಿಜಕ್ಕೂ ಕಂಪಿಸುತ್ತದೆ, ಲೇಪದ ದಪ್ಪ ಅಲ್ಲಿ ಲೆಕ್ಕಕ್ಕೆ ಬರಬಹುದು. ಅಲ್ಲಿಯೂ ಹೇಳಿದ್ದು ಚೆನ್ನಾಯಿತೆಂದೇ ಹೊರತು ಕೆಟ್ಟಿತೆಂದಲ್ಲ. ಬಣ್ಣ ಬದಲಿಸಿದರೆ ನಾದ ಕೆಡುತ್ತದೆ ಎಂಬ ಭಯವೂ ನಾದ ಸುಧಾರಿಸುತ್ತದೆ ಎಂಬ ಆಸೆಯೂ ಗಟ್ಟಿ ಮರದ ಗಿಟಾರಿಗೆ ಸಲ್ಲುವುದಿಲ್ಲ. ಈ ಕೆಲಸಕ್ಕೆ ಕೈಹಾಕುವುದಾದರೆ ಕಣ್ಣಿಗಾಗಿ, ಮುಟ್ಟಿದಾಗಿನ ಹಿತಕ್ಕಾಗಿ ಹಾಕಬೇಕು.

ಕೆಲಸದಲ್ಲಿ ಅತಿ ಕಷ್ಟದ ಭಾಗ ಹಳೆಯ ಲೇಪವನ್ನು ತೆಗೆಯುವುದು. ತಂತಿ, ಬ್ರಿಜ್, ಪಿಕಪ್, ಗುಬ್ಬಿಗಳನ್ನು ಬಿಚ್ಚುವ ಮೊದಲು ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಬ್ರಿಜ್ಜಿಗೆ ಹೋಗುವ ಅರ್ಥಿಂಗ್ ವೈರನ್ನು ಮರೆತು ಜೋಡಿಸಿದರೆ ಆಮೇಲೆ ಗುಂಯ್‌ಗುಡುವ ಸದ್ದು ಬೆನ್ನು ಬಿಡದು. ಇಂದಿನ ಅಗ್ಗದ ಗಿಟಾರುಗಳ ಮೇಲಿರುವುದು ಹೆಚ್ಚಾಗಿ ಪಾಲಿಯೆಸ್ಟರ್. ಪೇಂಟ್ ರಿಮೂವರ್ ಅದರ ಮೇಲೆ ಸುಲಭಕ್ಕೆ ನಡೆಯುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಅದರ ಆವಿಯೂ ಕೆಟ್ಟದ್ದು. ಹೀಟ್ ಗನ್ನಿನಿಂದ ಸ್ವಲ್ಪ ಸ್ವಲ್ಪವೇ ಜಾಗವನ್ನು ಬಿಸಿ ಮಾಡಿ, ಲೇಪ ಮೆತ್ತಗಾದೊಡನೆ ಅಗಲ ಅಲಗಿನ ಪುಟ್ಟಿ ಬ್ಲೇಡಿನಿಂದ ಎಬ್ಬಿಸುವುದು ಒಳ್ಳೆಯ ದಾರಿ, ಮರ ಕರಿಹಿಡಿಯದಂತೆ, ಕಿಟಕಿ ತೆರೆದಿಟ್ಟು. ಆದರೆ ಅದಕ್ಕೂ ಮೊದಲು ಪಿಕಪ್ಪಿನ ಗುಳಿಯ ಅಂಚನ್ನು ಬೆಳಕಿನಲ್ಲಿ ನೋಡಬೇಕು. ಮುಂಭಾಗದಲ್ಲಿ ಕಾಣುವ ಮೇಪಲ್ ಮರದ ಅಲೆಯಲೆಯ ಚಂದ ಎಷ್ಟೋ ವೇಳೆ ಅರ್ಧ ಮಿಲಿಮೀಟರಿನ ವೆನೀರ್ ಮಾತ್ರ. ಗುಳಿಯ ಅಂಚಿನಲ್ಲಿ ಅದು ಬೇರೆ ಬಣ್ಣದ ತೆಳುಗೆರೆಯಾಗಿ ಕಾಣುತ್ತದೆ. ಅಂಥದ್ದರ ಮೇಲೆ 80ನೇ ನಂಬರಿನ ಸ್ಯಾಂಡ್‌ಪೇಪರ್ ಹಾಕಿದರೆ ಕ್ಷಣದಲ್ಲಿ ವೆನೀರ್ ಹರಿದು ಕೆಳಗಿನ ಅಡ್ಡಮರ ಬಯಲಾಗುತ್ತದೆ, ಅದನ್ನು ಮರಳಿ ತರುವ ಉಪಾಯವಿಲ್ಲ. ಹಲಗೆ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆಯೇ 120, 180, 240, 320 ಎಂದು ಮೆಟ್ಟಿಲು ಏರಬೇಕು, ಒಂದನ್ನೂ ಹಾರದೆ, ಸದಾ ಮರದ ಎಳೆಯ ಉದ್ದಕ್ಕೆ. ಸಮತಟ್ಟು ಜಾಗಕ್ಕೆ ಕಾಗದದ ಕೆಳಗೆ ಕಾರ್ಕಿನ ತುಂಡು, ಉಬ್ಬಿದ ಮುಂಭಾಗಕ್ಕೆ ಬೆರಳುಗಳೇ. ಉಬ್ಬಿದ ಮುಂಭಾಗದ ಮೇಲೆ ಯಂತ್ರದ ಸ್ಯಾಂಡರ್ ತಗ್ಗು ತೋಡುತ್ತದೆ. ಕೈ ಆ ತಿರುವನ್ನು ಅರಿತು ನಡೆಯುತ್ತದೆ, ಮತ್ತು ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೆ ಮೊದಲು ಗೊತ್ತಾಗುತ್ತದೆ. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಎದ್ದ ನಾರನ್ನು ಒಣಗಿದ ಮೇಲೆ 320ರಿಂದ ಇಳಿಸಬೇಕು. ಧೂಳಿಗೆ ಎನ್95 ಮಾಸ್ಕು ಬೇಕೇ ಬೇಕು.

ಕೆರೆದ ಮೇಲೆ ಸಿಕ್ಕ ಮರ ಸಾಧಾರಣವಾಗಿದ್ದರೆ ನಿರಾಶೆ ಬೇಡ. ಅಪಾರದರ್ಶಕ ಬಣ್ಣದ ಕೆಳಗೆ ಬೇರೆ ಬೇರೆ ಛಾಯೆಯ ಎರಡು ಮೂರು ತುಂಡು ಜೋಡಿಸಿರುವುದು ಅಗ್ಗದ ಗಿಟಾರುಗಳಲ್ಲಿ ಮಾಮೂಲು. ಅಂಥದ್ದನ್ನು ಕಪ್ಪು ಬಣ್ಣ ಬೆರೆಸಿದ ಅರಗಿನಲ್ಲಿ ತೀಡಿದರೆ ಹಳೆಯ ಪಿಯಾನೊಗಳ ಕಪ್ಪು ಬರುತ್ತದೆ. ಎಳೆ ಚೆನ್ನಾಗಿದ್ದರೆ ಬಣ್ಣದ ನೀರನ್ನು ಬಟ್ಟೆಯಲ್ಲಿ ಉಜ್ಜಿ, ಅಂಚಿನಿಂದ ನಡುವಿನವರೆಗೆ ತಿಳಿಗೊಳಿಸುತ್ತಾ ಬಂದು ಸನ್‌ಬರ್ಸ್ಟ್ ಛಾಯೆಯನ್ನೂ ಕೈಯಿಂದಲೇ ತರಬಹುದು. ಇಲ್ಲಿ ನೀರಿನಲ್ಲಿ ಕರಗುವ ಬಣ್ಣವನ್ನೇ ಆರಿಸಿಕೊಳ್ಳಿ. ಸ್ಪಿರಿಟ್ಟಿನಲ್ಲಿ ಕರಗುವ ಬಣ್ಣವಾದರೆ ಮೇಲೆ ಅರಗು ತೀಡುವಾಗ ಉಂಡೆಗೆ ಹತ್ತಿಕೊಂಡು ಎಲ್ಲೆಡೆ ಹರಡುತ್ತದೆ. ಮಾಮೂಲಿ ಅರಗಿನ ಬಣ್ಣ ಕಿತ್ತಳೆ. ಅದು ಮೇಪಲ್ ಮೇಲೆ ಜೇನುಬಣ್ಣ ತಂದರೆ, ನೀಲಿ ಬಣ್ಣದ ಮೇಲೆ ಹಸಿರಿನ ಕಡೆಗೆ ಎಳೆಯುತ್ತದೆ. ನೀಲಿ ಬೇಕಾದವರು ಬಿಳಿಮಾಡಿದ ಅರಗು ತರಬೇಕು. ಬಣ್ಣ ಯಾವುದಾದರೂ ಬಿಸಿಲಿಗೆ ಮಾಸುತ್ತದೆ ಎಂಬುದೂ ನೆನಪಿರಲಿ. 1958ರಿಂದ 1960ರವರೆಗೆ ಗಿಬ್ಸನ್ ಕಂಪನಿ ಮಾಡಿದ ಸನ್‌ಬರ್ಸ್ಟ್ ಲೆಸ್ ಪಾಲ್ ಗಿಟಾರುಗಳಲ್ಲಿ ಹಲವುಗಳ ಕೆಂಪು ಹಾಗೆಯೇ ಮಾಸಿ ಹೋಗಿದೆ.

ಅರಗಿನ ದ್ರಾವಣದ ಲೆಕ್ಕ ಸುಲಭ. ಕಾಲು ಲೀಟರ್ ಸ್ಪಿರಿಟ್ಟಿಗೆ 30 ಗ್ರಾಮ್ ಚಪಡಾ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ, ನಡುನಡುವೆ ಕುಲುಕಿ, ಬೆಳಗ್ಗೆ ತೆಳು ಪಂಚೆಬಟ್ಟೆಯಲ್ಲಿ ಸೋಸಿದರೆ ಆಯಿತು. ಮೇಲೆ ಹೇಳಿದ ಆರು ಗ್ರಾಮಿನ ಲೆಕ್ಕ ನೋಡಿದರೆ ಇಷ್ಟೂ ಬೇಕಾಗುವುದಿಲ್ಲ. ಉಳಿದದ್ದನ್ನು ವರ್ಷಗಟ್ಟಲೆ ಇಡಬೇಡಿ. ಸ್ಪಿರಿಟ್ಟಿನಲ್ಲಿ ಕೂತ ಅರಗು ನಿಧಾನವಾಗಿ ತನ್ನ ಗುಣ ಕಳೆದುಕೊಂಡು ಕೊನೆಗೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಹಳೆಯ ಬಾಟಲಿಯ ಒಂದು ತೊಟ್ಟನ್ನು ಗಾಜಿನ ಮೇಲೆ ಬಿಟ್ಟು ಮರುದಿನ ಉಗುರು ಊರಿ ನೋಡಿದರೆ ತಿಳಿದುಬಿಡುತ್ತದೆ. ಅಂಗಡಿಯ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದಾದ್ದರಿಂದ ಕೈಗವಸು ತೊಟ್ಟು, ಗಾಳಿಯಾಡುವ ಕಡೆ ಕೂರಬೇಕು. ಅಡುಗೆಮನೆಯ ಒಲೆ, ದೇವರ ದೀಪ, ಊದುಬತ್ತಿ ಹತ್ತಿರ ಇರಲೇಕೂಡದು. ಉಂಡೆಯೊಳಗೆ ಹತ್ತಿ, ಹೊರಗೆ ಒಗೆದು ಮೃದುವಾದ ಹತ್ತಿಬಟ್ಟೆ. ಅದು ತೊಟ್ಟಿಕ್ಕುವಷ್ಟು ಒದ್ದೆಯಿರಬಾರದು, ಅಂಗೈಗೆ ಒತ್ತಿದರೆ ತಣ್ಣಗೆ ಪಸೆ ಹತ್ತುವಷ್ಟಿರಬೇಕು. ಮೊದಲು ಉದ್ದುದ್ದಕ್ಕೆ, ಮೇಲೆ ಸುತ್ತು ಸುತ್ತಾಗಿ, ಎಂಟರ ಆಕಾರದಲ್ಲಿ. ಉಂಡೆ ಎಳೆದಂತಾದರೆ ಒಂದೇ ಒಂದು ಹನಿ ಎಣ್ಣೆ. ಮೇಲ್ಮೈ ಮೇಲೆ ಉಂಡೆಯನ್ನು ನಿಲ್ಲಿಸಿದರೆ ಅಲ್ಲೇ ಅಂಟಿ ಲೇಪವನ್ನು ಕಿತ್ತುಕೊಳ್ಳುತ್ತದೆ. ಇಳಿಯುವಾಗಲೂ ಏಳುವಾಗಲೂ ಕೈ ಚಲಿಸುತ್ತಲೇ ಇರಬೇಕು. ದಿನಕ್ಕೆ ಒಂದೆರಡು ಸರದಿ, ನಡುವೆ ಬಿಡುವು, ಹೀಗೆ ಒಂದೆರಡು ವಾರ. ಕೊನೆಗೆ ಬರೀ ಸ್ಪಿರಿಟ್ಟಿನ ತೇವದಿಂದ ಎಣ್ಣೆಯ ಮಬ್ಬನ್ನು ಒರೆಸಿ ತೆಗೆಯಬೇಕು. ಮಳೆಗಾಲದ ಆಗಸ್ಟಿನಲ್ಲಿ ಗಾಳಿಯ ತೇವ ಲೇಪದೊಳಗೆ ಸಿಕ್ಕಿ ಬೆಳ್ಳಗೆ ಮಂಜು ಕಟ್ಟುತ್ತದೆ. ಹೈದರಾಬಾದಿನ ಮೇ ತಿಂಗಳ ಬೇಗೆಯಲ್ಲಿ ಸ್ಪಿರಿಟ್ಟು ಕೈಗೆ ಸಿಗುವ ಮುಂಚೆ ಹಾರಿಹೋಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಒಣ ತಂಪು ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಇನ್ನೊಂದು ಎಚ್ಚರ ಗಿಟಾರಿಗೇ ವಿಶೇಷ: ಹೊಳಪನ್ನು ತಗ್ಗಿಸಲು ಬಡಗಿಗಳು ಬಳಸುವ ಸ್ಟೀಲ್ ವೂಲ್ ಇಲ್ಲಿ ಬೇಡ. ಅದರ ಕೂದಲೆಳೆಯ ಚೂರುಗಳು ಪಿಕಪ್ಪಿನ ಅಯಸ್ಕಾಂತಕ್ಕೆ ಅಂಟಿದರೆ ಬಿಡಿಸಲಾಗದು. ನೈಲಾನಿನ ಉಜ್ಜುಬಟ್ಟೆ ಸಾಕು.

ಅರಗಿನ ವಿರುದ್ಧ ಹೇಳುವ ದೂರುಗಳೆಲ್ಲ ನಿಜ. ಸ್ಪಿರಿಟ್ಟಿನಲ್ಲಿ ಕರಗಿದ್ದು ಸ್ಪಿರಿಟ್ಟು ಬಿದ್ದರೆ ಮತ್ತೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಊರಿದರೆ ಗುರುತು ಬೀಳುತ್ತದೆ. ಸೋಪು, ಅಮೋನಿಯಾದಂಥ ಕ್ಷಾರಗಳಿಗೆ ಅದು ಸೋಲುತ್ತದೆ. ಬಿಸಿಗೆ ಮೆತ್ತಗಾಗುವುದರಿಂದ ಬೇಸಿಗೆಯ ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನಲ್ಲಿ ಗಿಟಾರ್ ಬಿಟ್ಟರೆ ಬ್ಯಾಗಿನ ಬಟ್ಟೆಯ ಅಚ್ಚು ಮೈಮೇಲೆ ಮೂಡಬಹುದು. ಬಲ ಮುಂಗೈ ಒರಗುವ ಜಾಗ ವರ್ಷ ಕಳೆದಂತೆ ಬೆವರಿಗೆ ಸವೆಯುತ್ತದೆ. ಆದರೆ ಬೆವರಿಗೆ ಸವೆಯುವುದು ಅರಗೊಂದೇ ಅಲ್ಲ. ಐರಿಷ್ ವಾದಕ ರೋರಿ ಗ್ಯಾಲಹರ್ ಅವರ 1961ರ ಸ್ಟ್ರಾಟೊಕ್ಯಾಸ್ಟರ್ ಕಾರ್ಖಾನೆಯ ಲೇಪವನ್ನೇ ಹೊತ್ತು ಬಂದಿತ್ತು, ಕೊನೆಗೆ ಅದರ ಬಹುಪಾಲು ಕಳಚಿ ಬರಿಮರ ಉಳಿಯಿತು. ಹಾಗಾಗಿ ಲೇಪ ಸವೆಯುವುದೇ ಎಂದು ಕೇಳುವುದಕ್ಕಿಂತ, ಸವೆದ ಮೇಲೆ ಏನು ಮಾಡಬಹುದು ಎಂದು ಕೇಳುವುದು ಸರಿ. ಪಾಲಿಯೆಸ್ಟರ್ ಒಮ್ಮೆ ಗಟ್ಟಿಯಾದರೆ ರಾಸಾಯನಿಕವಾಗಿ ಮುಗಿಯಿತು. ಅದರ ಮೇಲೆ ಹಾಕಿದ ಹೊಸ ಪದರ ಹಳೆಯದರೊಂದಿಗೆ ಒಂದಾಗದೆ ಬೇರೆಯಾಗಿಯೇ ಕೂರುತ್ತದೆ, ಚಕ್ಕೆ ಎದ್ದ ಜಾಗ ತೇಪೆಯಾಗಿಯೇ ಕಾಣುತ್ತದೆ. ಅರಗಿನಲ್ಲಿ ಹೊಸ ಪದರದ ಸ್ಪಿರಿಟ್ಟು ಹಳೆಯದನ್ನು ಕೊಂಚ ಕರಗಿಸಿ ಎರಡೂ ಬೆಸೆದು ಒಂದೇ ಆಗುತ್ತವೆ. ಸವೆದ ಮುಂಗೈ ಜಾಗವನ್ನು ಒಂದು ಸಂಜೆಯಲ್ಲಿ, ಗಿಟಾರನ್ನು ಪೂರ್ತಿ ಬಿಚ್ಚದೆ, ಹೊಸದಾಗಿ ಕಲಸಿದ ಒಂದಿಷ್ಟು ಅರಗು, ಒಂದು ಬಟ್ಟೆಯುಂಡೆಯಿಂದ ತುಂಬಬಹುದು. ಈ ಗುಣ ನೈಟ್ರೊಸೆಲ್ಯುಲೋಸಿಗೂ ಇದೆ, ಆದರೆ ಅದಕ್ಕೆ ಸ್ಪ್ರೇ ಬೇಕು, ಥಿನ್ನರ್ ಬೇಕು, ಅದರ ವಾಸನೆ ತಡೆದುಕೊಳ್ಳುವ ಮನೆ ಬೇಕು. ವಾರಕ್ಕೆ ನಾಲ್ಕು ರಾತ್ರಿ ವೇದಿಕೆ ಏರುವವರಿಗೆ ನಾನು ಅರಗನ್ನು ಶಿಫಾರಸು ಮಾಡಲಾರೆ. ಮನೆಯಲ್ಲಿ, ಗೆಳೆಯರ ಕೂಟದಲ್ಲಿ ನುಡಿಸುವ ಬಹುಮಂದಿಗೆ ಅದರ ಮೃದುತನ ಅಡ್ಡಿಯಾಗದು.

ಬೇರೆ ದಾರಿಗಳನ್ನು ನಾನು ತಳ್ಳಿಹಾಕುವುದಿಲ್ಲ. 1963ರಲ್ಲಿ ಬ್ರಯನ್ ಮೇ ತಮ್ಮ ತಂದೆಯೊಂದಿಗೆ ಮನೆಯಲ್ಲೇ ಗಿಟಾರ್ ಕಟ್ಟಲು ತೊಡಗಿದಾಗ, ಹಳೆಯ ಬೆಂಕಿಗೂಡಿನ ಮಹಾಗನಿ ಮರವನ್ನು ಅದಕ್ಕೆ ಬಳಸಿಕೊಂಡು, ಮೈಗೆ ರಸ್ಟಿನ್ಸ್ ಕಂಪನಿಯ ಪ್ಲಾಸ್ಟಿಕ್ ಲೇಪ ಹಚ್ಚಿದರು. ರೆಡ್ ಸ್ಪೆಷಲ್ ಎಂದು ಹೆಸರಾದ ಆ ಗಿಟಾರ್ ಅವರ ಕ್ವೀನ್ ತಂಡದ ದೊಡ್ಡ ದೊಡ್ಡ ವೇದಿಕೆಗಳನ್ನು ಕಂಡಿತು. ಮನೆಯ ಮೆರುಗು ವೃತ್ತಿಪರ ಬಾಳಿಕೆಗೆ ಬಾರದು ಎನ್ನುವವರಿಗೆ ಅದೊಂದೇ ಉತ್ತರ ಸಾಕು. ಬಟ್ಟೆಯಲ್ಲಿ ಒರೆಸಿ ಹಚ್ಚುವ ಒಂದೇ ಡಬ್ಬಿಯ ಪಾಲಿಯುರೆಥೇನ್ ಮೆರುಗೆಣ್ಣೆಯೂ ಸಿಗುತ್ತದೆ, ಅರಗಿಗಿಂತ ಬಿಗಿ. ಅದನ್ನು ಅರಗಿನ ಮೇಲೆ ಹಚ್ಚುವುದಾದರೆ ಕೆಳಗಿನ ಅರಗು ಮೇಣ ತೆಗೆದದ್ದಾಗಿರಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಅಗಸೆ ಎಣ್ಣೆಯೂ ಆದೀತು, ಆದರೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಅಪಾಯವಿದೆ. ಹರಡಿ ಒಣಗಿಸಿದ ಮೇಲೆಯೇ ಬಿಸಾಡಬೇಕು.

ಉಳಿದ ಆಕ್ಷೇಪ ಬೆಲೆಯದು, ಅದರಲ್ಲಿ ಸತ್ಯವಿದೆ. ಹಳೆಯ, ಹೆಸರುಳ್ಳ ಗಿಟಾರಿನ ಮೂಲ ಲೇಪವನ್ನು ಕೆರೆದರೆ ಸಂಗ್ರಾಹಕರ ಕಣ್ಣಲ್ಲಿ ಅದರ ಬೆಲೆ ಒಂದೇ ಏಟಿಗೆ ಕುಸಿಯುತ್ತದೆ, ಮತ್ತು ಆ ಕಾಲದ ಕೆಲಸದ ಒಂದು ದಾಖಲೆ ಅಳಿಯುತ್ತದೆ. ಹಾಗಾಗಿ ಉಪ್ಪಿನ ಡಬ್ಬಿಯಂತೆ ಕೈಗೆ ಸಿಗುವ ಅಗ್ಗದ, ಕಾರ್ಖಾನೆಯ ಸಾಲಿನ ಗಿಟಾರುಗಳೇ ಈ ಕಲಿಕೆಗೆ ಸರಿ. ಅವುಗಳಲ್ಲೂ ಮುಂಭಾಗವನ್ನು ಮಾತ್ರ ಮುಟ್ಟಿ, ಬೆನ್ನು, ಪಕ್ಕ, ಕತ್ತು, ಸೀರಿಯಲ್ ನಂಬರುಗಳನ್ನು ಹಾಗೆಯೇ ಬಿಡುವುದು ಜಾಣತನ. ಪಕ್ಕದ ಪಾಲಿಯೆಸ್ಟರ್ ದಪ್ಪ, ಮುಂಭಾಗದ ಅರಗು ತೆಳು, ಹಾಗಾಗಿ ಸೇರುವ ಅಂಚಿನಲ್ಲಿ ಮೆಟ್ಟಿಲು ಕಾಣುತ್ತದೆ. ಅಂಚಿನುದ್ದಕ್ಕೂ ಟೇಪು ಹಚ್ಚಿ, ಎರಡು ಮೂರು ಮಿಲಿಮೀಟರ್ ಮರವನ್ನು ಬಣ್ಣ ಹಚ್ಚದೆ ಬಿಟ್ಟರೆ ಆ ಮೆಟ್ಟಿಲು ಬೈಂಡಿಂಗ್ ಪಟ್ಟಿಯಂತೆ ಅಂದವಾಗಿಯೇ ಕೂರುತ್ತದೆ. ಕೊನೆಯ ಲೇಪವಾದ ಮೇಲೆ ಎರಡು ಮೂರು ವಾರ ಗಿಟಾರನ್ನು ಕತ್ತಿನಿಂದ ತೂಗುಹಾಕಿಡಿ. ಬೆರಳಿಗೆ ಒಣಗಿದಂತೆ ಕಂಡರೂ ಒಳಗೆ ಅರಗು ಇನ್ನೂ ಬಿಗಿಯುತ್ತಿರುತ್ತದೆ, ಅಷ್ಟರೊಳಗೆ ಬ್ರಿಜ್ ಬಿಗಿದರೆ ಅದರ ಅಚ್ಚು ಉಳಿದುಬಿಡುತ್ತದೆ. ಇನ್ನು 1960ರ ದಶಕದ ಫೆಂಡರೋ ಗಿಬ್ಸನ್ನೋ ಯಾರದೋ ಅಟ್ಟದಿಂದ ಕೈಗೆ ಬಂದರೆ, ಬಣ್ಣ ಎಷ್ಟೇ ಮಾಸಿರಲಿ, ಒಣಬಟ್ಟೆಯಲ್ಲಿ ಧೂಳು ಒರೆಸಿ, ಹೊಸ ತಂತಿ ಹಾಕಿ ನುಡಿಸಿ.